ಏರಿನಲ್ಲಿ ಕಾರು ಹಿಂದೆ ಜಾರದಿರಲು: ಹ್ಯಾಂಡ್‌ಬ್ರೇಕ್ ಸಾಕೋ, ಹಿಲ್ ಹೋಲ್ಡ್ ಬೇಕೋ, ಆಟೋ ಹೋಲ್ಡೇ ಬೇಕೋ?

ಸಂಜೆ ಆರರ ಹೊತ್ತು. ಬೆಳಗಾವಿಯ ಕಪಿಲೇಶ್ವರ ಮೇಲ್ಸೇತುವೆಯ ಏರಿನ ನಡುವೆ ಗಾಡಿಗಳು ಸಾಲಾಗಿ ನಿಂತಿದ್ದವು. ತಂಗಿ ಸ್ಟೀರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ನಾನಿದ್ದೆ. ಮುಂದಿನ ಬಸ್ ಹೊರಟಿತು. ಅವಳು ಬ್ರೇಕಿನಿಂದ ಕಾಲೆತ್ತಿ ಎಕ್ಸಲೇಟರ್ ಮೇಲೆ ಇಡುವಷ್ಟರಲ್ಲಿ ಕಾರು ಹಿಂದಕ್ಕೆ ಜಾರಿತು. ಜಾರಿದ್ದು ಒಂದೆರಡು ಗೇಣು ಅಷ್ಟೇ. ಆದರೆ ಹಿಂದಿನ ಆಟೊ ಅದಕ್ಕಿಂತ ಹತ್ತಿರ ನಿಂತಿತ್ತು. ಟಕ್ ಅಂತ ಸದ್ದಾಯಿತು. ಆಟೊದವರು ಕೂಗಿದರು: "ಅಕ್ಕಾರ, ಬ್ರೇಕ್ ಹಿಡೀರಿ, ಬ್ರೇಕ್!"

ಆಟೊಗೆ ಗೀರು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಅವರು ಒಳ್ಳೆಯವರು, ಮಾತು ಬೆಳೆಸಲಿಲ್ಲ. ಆದರೆ ತಂಗಿ ಅವತ್ತಿನಿಂದ ಆ ಸೇತುವೆ ಹತ್ತುವುದನ್ನೇ ಬಿಟ್ಟಳು. ಸುತ್ತು ಹಾಕಿ ಶಾಲೆಗೆ ಹೋಗತೊಡಗಿದಳು. ಅದು ಎಎಂಟಿ ಗೇರಿನ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಯಂತ್ರವೇ ಗೇರ್ ಬದಲಿಸುವ, ಹಳೆಯ ಸಣ್ಣ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬ್ರೇಕಿನಿಂದ ಕಾಲೆತ್ತಿದರೂ ಏರಿನಲ್ಲಿ ಕಾರನ್ನು ಒಂದೆರಡು ಕ್ಷಣ ಹಿಡಿದಿಡುವ ಹಿಲ್ ಹೋಲ್ಡ್ ಅದರಲ್ಲಿ ಇರಲಿಲ್ಲ. ಕಾರು ಬದಲಿಸುವ ಮಾತು ಬಂದಾಗ ಅವಳು ಕೇಳಿದ್ದು ಒಂದೇ: "ಅಣ್ಣಾ, ಏರಿನ್ಯಾಗ ಹಿಂದ ಬರಬಾರ್ದು. ಅಂಥಾದ್ದು ಯಾವ್ದು?"

ಅವಳಿಗಾಗಿ ಎರಡು ತಿಂಗಳು ಶೋರೂಮ್ ಸುತ್ತಿದ್ದೇನೆ, ಗ್ಯಾರೇಜಿನಲ್ಲಿ ಕೂತು ಕೇಳಿದ್ದೇನೆ, ಹಲವು ಕಾರು ಓಡಿಸಿ ನೋಡಿದ್ದೇನೆ. ಅದರಲ್ಲಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಏರು ರಸ್ತೆಗೆ ಕೊರತೆ ಇಲ್ಲ. ಹೆದ್ದಾರಿಯಲ್ಲಿ ವಂಟಮುರಿ ಘಾಟ್, ಗೋವಾ ದಾರಿಯಲ್ಲಿ ಚೋರ್ಲಾ, ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡ, ಊರೊಳಗೆ ರೈಲ್ವೆ ಮೇಲ್ಸೇತುವೆಗಳು. ಹಾಗಾಗಿ ಇದು ನಮಗೆ ದಿನಾ ಬೇಕಾಗುವ ವಿಷಯ.

ಒಂದು ಸೆಕೆಂಡಿನ ಲೆಕ್ಕ

ಮೊದಲು ಕಾರು ಎಷ್ಟು ಬೇಗ ಜಾರುತ್ತದೆ ನೋಡೋಣ. ನೂರು ಮೀಟರ್ ಹೋದಾಗ ಹತ್ತು ಮೀಟರ್ ಮೇಲೇರುವ ರಸ್ತೆಗೆ 10% ಏರು ಅನ್ನುತ್ತಾರೆ. ಕಣ್ಣಿಗೆ ಅದು ಜಾಸ್ತಿ ಕಾಣುವುದಿಲ್ಲ, ಸುಮಾರು ಆರು ಡಿಗ್ರಿ ಅಷ್ಟೇ. ಅಲ್ಲಿ ಬ್ರೇಕ್ ಬಿಟ್ಟರೆ ಕಾರು ಮೊದಲ ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಅರ್ಧ ಮೀಟರ್ ಹಿಂದೆ ಬರುತ್ತದೆ. ಎರಡು ಸೆಕೆಂಡ್ ಆದರೆ ಎರಡು ಮೀಟರಿನ ಹತ್ತಿರ. ಹೊತ್ತು ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ "ಸ್ವಲ್ಪ ಜಾರಿತು" ಅನ್ನುವುದು ಕಣ್ಣು ಮಿಟುಕಿಸುವುದರೊಳಗೆ "ಗುದ್ದಿತು" ಆಗಿಬಿಡುತ್ತದೆ. ಏರು 5% ಇದ್ದರೆ ದೂರ ಅರ್ಧ ಆಗುತ್ತದೆ. ಟ್ರಾಫಿಕ್‌ನಲ್ಲಿ ಬಂಪರಿಗೆ ಬಂಪರ್ ತಾಗಿಸಿ ನಿಲ್ಲುವ ನಮ್ಮ ಊರಿನಲ್ಲಿ ಅದೂ ಜಾಸ್ತಿಯೇ.

ತೂಕವನ್ನೂ ಸೇರಿಸಿ. ಸಾವಿರ ಕಿಲೋ ತೂಗುವ ಸಣ್ಣ ಕಾರು. ಅದರಲ್ಲಿ ಐದು ಜನ, ಮೇಲೆ ಊರಿಗೆ ಒಯ್ಯುವ ಚೀಲಗಳು. ಒಟ್ಟು ಸಾವಿರದ ಮುನ್ನೂರೈವತ್ತು ಕಿಲೋ ಆಯಿತು ಅಂದುಕೊಳ್ಳಿ. 10% ಏರಿನಲ್ಲಿ ಅದನ್ನು ಸುಮಾರು ನೂರಾ ಮೂವತ್ತೈದು ಕಿಲೋದಷ್ಟು ಬಲ ಹಿಂದಕ್ಕೆ ಎಳೆಯುತ್ತಿರುತ್ತದೆ. ಬ್ರೇಕ್ ಬಿಟ್ಟ ಕ್ಷಣ ಆ ಎಳೆತವನ್ನು ಎಂಜಿನ್ ಹೊರಬೇಕು. ಬ್ರೇಕ್ ಬಿಡುವುದಕ್ಕೂ ಎಂಜಿನ್ ಎತ್ತಿಕೊಳ್ಳುವುದಕ್ಕೂ ನಡುವೆ ಇರುವ ಆ ಒಂದು ಸೆಕೆಂಡನ್ನು ಯಾರು ನೋಡಿಕೊಳ್ಳುತ್ತಾರೆ? ಮುಂದೆ ಹೇಳುವ ಆಯ್ಕೆಗಳಲ್ಲಿ ಇರುವ ವ್ಯತ್ಯಾಸವೆಲ್ಲ ಇದೇ.

ಹಿಲ್ ಹೋಲ್ಡ್ ಒಳಗೆ ಏನು ನಡೆಯುತ್ತದೆ

ಹೆಸರುಗಳ ಗೊಂದಲ ಮೊದಲು ಬಿಡಿಸಿಕೊಳ್ಳಿ. ಮಾರುತಿಯವರು ಹಿಲ್ ಹೋಲ್ಡ್ ಅಸಿಸ್ಟ್ ಅನ್ನುತ್ತಾರೆ, ಟಾಟಾದವರು ಹಿಲ್ ಹೋಲ್ಡ್ ಕಂಟ್ರೋಲ್, ಹ್ಯುಂಡೈಯವರು ಹಿಲ್ ಸ್ಟಾರ್ಟ್ ಅಸಿಸ್ಟ್ ಕಂಟ್ರೋಲ್. ಕೆಲಸ ಒಂದೇ. ಹಿಲ್ ಡಿಸೆಂಟ್ ಕಂಟ್ರೋಲ್ ಮಾತ್ರ ಬೇರೆ. ಅದು ಕಡಿದಾದ ಇಳಿಜಾರಿನಲ್ಲಿ ಕಾರನ್ನು ನಿಧಾನವಾಗಿ ಇಳಿಸುವ ವ್ಯವಸ್ಥೆ. ಎರಡನ್ನೂ ಒಂದೇ ಅಂತ ಹೇಳುವ ಸೇಲ್ಸ್‌ಮನ್‌ಗಳನ್ನು ನಾನೇ ನೋಡಿದ್ದೇನೆ.

ನೀವು ಬ್ರೇಕ್ ಒತ್ತಿದಾಗ ಬ್ರೇಕ್ ಆಯಿಲ್ ಒತ್ತಡದಿಂದ ಪೈಪುಗಳಲ್ಲಿ ಹೋಗಿ ನಾಲ್ಕೂ ಗಾಲಿಗಳ ಬ್ರೇಕನ್ನು ಬಿಗಿಯುತ್ತದೆ. ನಡುವೆ ಒಂದು ಲೋಹದ ಪೆಟ್ಟಿಗೆ ಇದೆ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ನೋಡುವುದು) ಮತ್ತು ಇಎಸ್‌ಪಿಯ (ಕಾರು ಅಡ್ಡ ಜಾರದಂತೆ ನೋಡುವುದು) ಕವಾಟಗಳು ಅದರೊಳಗೆ ಇರುತ್ತವೆ. ಕಾರು ಓರೆಯಾಗಿ ನಿಂತಿದೆಯಾ ಅಂತ ಒಂದು ಸೆನ್ಸರ್ ಹೇಳುತ್ತದೆ. ಗಾಲಿ ಪೂರ್ತಿ ನಿಂತಿವೆಯಾ ಅಂತ ಗಾಲಿಗಳ ಸೆನ್ಸರ್ ಹೇಳುತ್ತವೆ. ಗೇರ್ ಯಾವುದರಲ್ಲಿದೆ, ಕ್ಲಚ್ ಒತ್ತಿದ್ದೀರಾ, ಎಂಜಿನ್ ಎಷ್ಟು ಬಲ ಕೊಡುತ್ತಿದೆ ಎಂಬುದೂ ಕಂಪ್ಯೂಟರಿಗೆ ಗೊತ್ತಿರುತ್ತದೆ. ನೀವು ಬ್ರೇಕಿನಿಂದ ಕಾಲು ತೆಗೆದಾಗ ಕವಾಟ ಮುಚ್ಚಿಕೊಳ್ಳುತ್ತದೆ. ನಿಮ್ಮ ಕಾಲು ಕೊಟ್ಟ ಒತ್ತಡ ಪೈಪಿನಲ್ಲೇ ಉಳಿಯುತ್ತದೆ. ಕಾಲು ಎತ್ತಿದರೂ ಬ್ರೇಕ್ ಹಿಡಿದೇ ಇರುತ್ತದೆ. ಎಂಜಿನ್ ಕಾರನ್ನು ಮುಂದಕ್ಕೆ ಎಳೆಯುವಷ್ಟು ಬಲ ಕೊಟ್ಟಿತು ಅನ್ನುವಾಗ ಕವಾಟ ಮೆಲ್ಲಗೆ ತೆರೆದುಕೊಳ್ಳುತ್ತದೆ. ಕಾರು ಸುಮ್ನೆ ಮುಂದೆ ಹೋಗುತ್ತದೆ.

ಇದರಲ್ಲಿ ಎರಡು ವಿಷಯ ಚೆನ್ನಾಗಿ ನೆನಪಿಡಿ. ಒಂದು, ಇದು ಹಿಡಿಯುವುದು ಎರಡು ಅಥವಾ ಮೂರು ಸೆಕೆಂಡ್ ಮಾತ್ರ. ಅಷ್ಟರೊಳಗೆ ನೀವು ಹೊರಡದಿದ್ದರೆ ಬಿಟ್ಟುಬಿಡುತ್ತದೆ. ಎರಡು, ಹೆಚ್ಚಿನ ಕಾರುಗಳಲ್ಲಿ ಉಳಿಯುವುದು ನಿಮ್ಮ ಕಾಲಿನ ಒತ್ತಡವೇ. ಕಡಿದಾದ ಏರಿನಲ್ಲಿ ಬ್ರೇಕನ್ನು ಬೆರಳ ತುದಿಯಲ್ಲಿ ಮುಟ್ಟಿದ ಹಾಗೆ ಒತ್ತಿ ಬಿಟ್ಟರೆ ಹಿಡಿತವೂ ಸಡಿಲ ಇರುತ್ತದೆ. ನಿಂತ ಮೇಲೆ ಒಮ್ಮೆ ಗಟ್ಟಿಯಾಗಿ ಒತ್ತಿ. ಆಮೇಲೆ ಹೊಸ ಕಾರು ತಗೊಂಡ ನಮ್ಮ ತಂಗಿಗೆ ಇದನ್ನು ಹೇಳಿದ ಮೇಲೆ "ಒಮ್ಮೊಮ್ಮೆ ಹಿಡಿಯೂದಿಲ್ಲ" ಅನ್ನುವ ದೂರು ನಿಂತಿತು.

ಹಿಮ್ಮುಖವಾಗಿಯೂ ಇದು ಕೆಲಸ ಮಾಡುತ್ತದೆ. ಇಳಿಜಾರಿನಲ್ಲಿ ಮೂಗು ಕೆಳಗೆ ಮಾಡಿ ನಿಂತು ರಿವರ್ಸ್ ಹೋಗಬೇಕಾದಾಗ ಕಾರು ಮುಂದಕ್ಕೆ ಜಾರದಂತೆ ಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಿ ಇಟ್ಟರೆ ಬಹಳಷ್ಟು ಕಾರುಗಳಲ್ಲಿ ಹಿಡಿಯುವುದಿಲ್ಲ.

ಈ ಯೋಚನೆ ಹೊಸದಲ್ಲ. 1936ರಲ್ಲೇ ಅಮೆರಿಕದ ಸ್ಟೂಡಿಬೇಕರ್ ಕಾರುಗಳಲ್ಲಿ ಹಿಲ್ ಹೋಲ್ಡರ್ ಅಂತ ಒಂದು ಸಾಧನ ಬಂದಿತ್ತು. ಅದರಲ್ಲಿ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಒಂದು ಸಣ್ಣ ಗುಂಡು ಇತ್ತು. ಕಾರು ಏರಿನಲ್ಲಿ ಓರೆಯಾದಾಗ ಗುಂಡು ತಾನಾಗಿ ಹಿಂದೆ ಉರುಳಿ ಬ್ರೇಕ್ ಆಯಿಲ್ ಮರಳುವ ದಾರಿಯನ್ನು ಮುಚ್ಚುತ್ತಿತ್ತು. ಕ್ಲಚ್ ಬಿಟ್ಟಾಗ ದಾರಿ ತೆರೆಯುತ್ತಿತ್ತು. ಗೋಲಿಯಷ್ಟು ಸಣ್ಣ ಗುಂಡಿನಿಂದ ಒಂದು ಕಾರನ್ನು ನಿಲ್ಲಿಸಿದವರ ತಲೆಗೆ ಕೈ ಮುಗಿಯಬೇಕು.

ಹಾಫ್ ಕ್ಲಚ್ ಮತ್ತು ಹ್ಯಾಂಡ್‌ಬ್ರೇಕ್

ಮ್ಯಾನ್ಯುವಲ್ ಕಾರು ಇರುವವರಿಗೆ ಖರ್ಚಿಲ್ಲದ ಎರಡು ದಾರಿ ಇವೆ. ಹಾಫ್ ಕ್ಲಚ್‌ನಲ್ಲಿ ಹೊರಡುವುದು ಎಲ್ಲರೂ ಮಾಡುವಂಥದ್ದು. ಬ್ರೇಕ್ ಹಿಡಿದುಕೊಂಡೇ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಬಂದರೆ ಒಂದು ಕಡೆ ಎಂಜಿನ್ ಸದ್ದು ತಗ್ಗುತ್ತದೆ, ಕಾರಿನ ಮೂಗು ಸಣ್ಣಗೆ ಎದ್ದ ಹಾಗಾಗುತ್ತದೆ. ಕೂತ ಸೀಟಿಗೇ ಅದು ಗೊತ್ತಾಗುತ್ತದೆ. ಆಗ ಕಾಲನ್ನು ಬ್ರೇಕಿನಿಂದ ಎಕ್ಸಲೇಟರ್‌ಗೆ ತರಬೇಕು. ಸಣ್ಣ ಏರಿಗೆ ಇದು ಸಾಕು.

ತಪ್ಪಾಗುವುದು ಎಲ್ಲಿ ಅಂದರೆ, ಟ್ರಾಫಿಕ್‌ನಲ್ಲಿ ನಿಂತಾಗಲೂ ಬ್ರೇಕ್ ಬಿಟ್ಟು ಹಾಫ್ ಕ್ಲಚ್ ಮೇಲೇ ಕಾರನ್ನು ತೂಗಿಸಿ ನಿಲ್ಲಿಸುವುದು. ಆ ಹೊತ್ತಿನಲ್ಲಿ ಕ್ಲಚ್ ಪ್ಲೇಟ್ ಉಜ್ಜಿ ಉಜ್ಜಿ ಕಾಯುತ್ತದೆ. ನನಗೆ ಪರಿಚಯದ ಮಿಸ್ತ್ರಿಯೊಬ್ಬರು ಬಿಚ್ಚಿದ ಪ್ಲೇಟೊಂದನ್ನು ಕೈಗೆ ಕೊಟ್ಟು ತೋರಿಸಿದರು. ಪ್ಲೇಟಿನ ಪದರು ಸವೆದು ರಿವೆಟ್‌ಗಳ ತಲೆ ಮೇಲೆ ಕಾಣುತ್ತಿತ್ತು. ಅದರ ಜೊತೆಯ ಉಕ್ಕಿನ ಪ್ರೆಷರ್ ಪ್ಲೇಟಿನ ಮೇಲೆ ನೀಲಿ ಕಲೆಗಳು, ಕಾದ ಹಂಚಿನ ಅಂಚಿನ ಬಣ್ಣ. "ಏರಿನ್ಯಾಗ ಎಕ್ಸಲೇಟರ್ ಮ್ಯಾಲೆ ನಿಂದ್ರಸ್ಯಾರ್ರಿ ಸರ. ನೀಲಿ ಆಗೇತಲ್ಲ, ಅದ ಹೇಳ್ತೈತಿ" ಅಂದರು. ಸುಟ್ಟ ವಾಸನೆ ಆ ಕಬ್ಬಿಣಕ್ಕೆ ಇನ್ನೂ ಅಂಟಿಕೊಂಡಿತ್ತು.

ಹ್ಯಾಂಡ್‌ಬ್ರೇಕ್ ದಾರಿ ಇದಕ್ಕಿಂತ ಎಷ್ಟೋ ಮೇಲು. ಏರಿನಲ್ಲಿ ನಿಂತ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಡುವಾಗ ಫಸ್ಟ್ ಗೇರ್ ಹಾಕಿ, ಸ್ವಲ್ಪ ಎಕ್ಸಲೇಟರ್ ಕೊಟ್ಟು, ಕ್ಲಚ್ ಹಿಡಿಯುವ ಜಾಗಕ್ಕೆ ತನ್ನಿ. ಕಾರು ಮುಂದೆ ಹೋಗಲು ಒದ್ದಾಡುತ್ತದೆ. ಆಗ ಗುಂಡಿ ಒತ್ತಿ ಹ್ಯಾಂಡ್‌ಬ್ರೇಕ್ ಇಳಿಸಿ. ಒಂದು ಇಂಚೂ ಹಿಂದೆ ಬರುವುದಿಲ್ಲ. ಎರಡು ಸೆಕೆಂಡಿನ ಗಡುವೂ ಇಲ್ಲ. ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಇದನ್ನೇ, ಕಾರಿನಲ್ಲಿ ಹಿಲ್ ಹೋಲ್ಡ್ ಇದ್ದರೂ. ಸೆನ್ಸರ್ ಕೈಕೊಟ್ಟ ದಿನ ಉಳಿಯುವುದು ಇದೇ. ಕಷ್ಟ ಅಂದರೆ ಕೈ, ಎರಡು ಕಾಲು, ಕಣ್ಣು ಎಲ್ಲ ಒಟ್ಟಿಗೆ ಓಡಬೇಕು. ಮೇಲ್ಸೇತುವೆಯ ಮೇಲೆ ಇಪ್ಪತ್ತು ಸಲ ನಿಂತು ಹೊರಡುವಾಗ ತೋಳು ಸೋಲುತ್ತದೆ. ಕೇಬಲ್ ಸಡಿಲ ಆಗಿದ್ದರೆ ತುಂಬಿದ ಕಾರನ್ನು ಹಿಡಿಯುವುದೂ ಇಲ್ಲ. ಸರ್ವಿಸಿಗೆ ಕೊಟ್ಟಾಗ ಹ್ಯಾಂಡ್‌ಬ್ರೇಕ್ ಬಿಗಿ ಮಾಡಿಸಿಕೊಳ್ಳಿ.

ಎಎಂಟಿ: ಇಲ್ಲಿ ಮಾತ್ರ ರಾಜಿ ಬೇಡ

ನಮ್ಮ ದೇಶದಲ್ಲಿ ಎಎಂಟಿ ಜನಪ್ರಿಯ ಆದದ್ದು 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ. ಕಡಿಮೆ ಬೆಲೆಗೆ ಕ್ಲಚ್ ಪೆಡಲ್ ಇಲ್ಲದ ಕಾರು ಸಿಕ್ಕಿತು ಅಂತ ಜನ ಮುಗಿಬಿದ್ದರು. ಆದರೆ ಎಎಂಟಿ ಅಂದರೆ ಒಳಗೆ ಅದೇ ಮ್ಯಾನ್ಯುವಲ್ ಗೇರ್ ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತುವ ಕಾಲಿನ ಬದಲು ಒಂದು ಯಂತ್ರ ಕೂತಿದೆ, ಅಷ್ಟೇ.

ಇದರಿಂದ ಏರಿನಲ್ಲಿ ಏನಾಗುತ್ತದೆ ನೋಡಿ. ಮ್ಯಾನ್ಯುವಲ್ ಕಾರಿನಲ್ಲಿ ನೀವು ಬ್ರೇಕ್ ಹಿಡಿದುಕೊಂಡೇ ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತರಬಹುದು. ಎಎಂಟಿಯಲ್ಲಿ ಆಗದು. ನೀವು ಬ್ರೇಕ್ ಒತ್ತಿರುವಷ್ಟು ಹೊತ್ತು ಯಂತ್ರ ಕ್ಲಚ್ಚನ್ನು ಬಿಡಿಸಿಯೇ ಇಟ್ಟಿರುತ್ತದೆ. ಬ್ರೇಕ್ ಬಿಟ್ಟ ಮೇಲೆ ಅದು ಎಚ್ಚರಗೊಂಡು ಕ್ಲಚ್ ಕೂಡಿಸಲು ಶುರು ಮಾಡುತ್ತದೆ. ಅಷ್ಟರಲ್ಲಿ ಕಾರು ಜಾರಿ ಆಗಿರುತ್ತದೆ. ನಮ್ಮ ತಂಗಿಯ ಕಾರಿಗೆ ಆದದ್ದು ಇದೇ. ಅವಳ ಓಡಿಸುವಿಕೆಯಲ್ಲಿ ತಪ್ಪಿರಲಿಲ್ಲ. ಇದನ್ನು ಅವಳಿಗೆ ಬಿಡಿಸಿ ಹೇಳಿದ ದಿನ ಅವಳ ಮುಖದ ಮೇಲಿದ್ದ ಭಾರ ಇಳಿದದ್ದು ನನಗೆ ಕಾಣಿಸಿತು. ಆರು ತಿಂಗಳು ತನಗೇ ಓಡಿಸಲು ಬರುವುದಿಲ್ಲ ಅಂದುಕೊಂಡಿದ್ದಳು.

ಜಾರುವುದಕ್ಕೆ ಹೆದರಿ ಜನ ಇನ್ನೊಂದು ತಪ್ಪು ಮಾಡುತ್ತಾರೆ. ಬ್ರೇಕ್ ಬಿಟ್ಟು ಎಕ್ಸಲೇಟರನ್ನು ಅಷ್ಟಿಷ್ಟು ಒತ್ತಿ ಕಾರನ್ನು ಏರಿನಲ್ಲೇ ನಿಲ್ಲಿಸಿಕೊಂಡಿರುತ್ತಾರೆ. ಅದು ಹಾಫ್ ಕ್ಲಚ್ಚೇ. ಪ್ಲೇಟ್ ಸುಡುತ್ತದೆ. ಎಎಂಟಿಯಲ್ಲಿ ಪ್ಲೇಟ್ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಯಂತ್ರಕ್ಕೆ ಹೊಸ ಕ್ಲಚ್ಚಿನ ಅಳತೆ ಕಲಿಸಬೇಕು. ಹಾಗಾಗಿ ರಸ್ತೆ ಬದಿಯ ಎಲ್ಲ ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ.

ಆದ್ದರಿಂದ ನನ್ನ ಮಾತು ನೇರ. ಬೆಳಗಾವಿಯಂಥ ಊರಿನಲ್ಲಿ ಎಎಂಟಿ ತಗೊಳ್ಳುವುದಾದರೆ ಹಿಲ್ ಹೋಲ್ಡ್ ಇರುವುದನ್ನೇ ತಗೊಳ್ಳಿ. ಅದು ಕೆಳಗಿನ ವೇರಿಯಂಟ್‌ನಲ್ಲಿ ಇಲ್ಲ, ಮೇಲಿನದಕ್ಕೆ ಹಣ ಸಾಲದು ಅಂತಾದರೆ ಎಎಂಟಿ ಬಿಟ್ಟು ಅದೇ ಕಾರಿನ ಮ್ಯಾನ್ಯುವಲ್ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರು ಇನ್ನೂ ಹುಷಾರಾಗಿರಬೇಕು. ಮೊದಲ ಕೆಲವು ವರ್ಷದ ಸಣ್ಣ ಎಎಂಟಿ ಕಾರುಗಳಲ್ಲಿ ಹೆಚ್ಚಿನವಕ್ಕೆ ಇದು ಇರಲಿಲ್ಲ. ಆಮೇಲೆ ಹೊರಗಿನಿಂದ ಕೂಡಿಸುವುದಕ್ಕೆ ಇದು ಸೀಟ್ ಕವರ್ ಅಥವಾ ರಿವರ್ಸ್ ಕ್ಯಾಮೆರಾ ಇದ್ದ ಹಾಗಲ್ಲ.

ಈಗಾಗಲೇ ಅಂಥ ಕಾರು ಮನೆಯಲ್ಲಿದ್ದರೆ ಹ್ಯಾಂಡ್‌ಬ್ರೇಕ್ ಇದ್ದೇ ಇದೆ. ನಿಂತಾಗ ಎಳೆಯಿರಿ. ಹೊರಡುವಾಗ ಡ್ರೈವ್‌ನಲ್ಲಿ ಎಕ್ಸಲೇಟರ್ ಒತ್ತಿ, ಕಾರು ಮುಂದಕ್ಕೆ ಎಳೆಯುವುದು ಗೊತ್ತಾದ ಕೂಡಲೇ ಇಳಿಸಿ. ಜಾಮಿನಲ್ಲಿ ಅಡಿ ಅಡಿ ತೆವಳುವ ಬದಲು ಮುಂದೆ ಎರಡು ಕಾರಿನಷ್ಟು ಜಾಗ ಆಗುವ ತನಕ ಬ್ರೇಕ್ ಹಿಡಿದು ಕಾಯಿರಿ. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ.

ಬೇರೆ ಆಟೊಮ್ಯಾಟಿಕ್‌ಗಳು

ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಏರಿಗೆ ಎಲ್ಲಕ್ಕಿಂತ ನಿಶ್ಚಿಂತೆ. ಎಂಜಿನಿಗೂ ಗೇರಿಗೂ ನಡುವೆ ಆಯಿಲ್ ಇರುವುದರಿಂದ ಬ್ರೇಕ್ ಬಿಟ್ಟ ಕೂಡಲೇ ಕಾರನ್ನು ಮುಂದಕ್ಕೆ ನೂಕುವ ಬಲ ಸಣ್ಣಗೆ ಇದ್ದೇ ಇರುತ್ತದೆ. ಸಣ್ಣ ಏರಿನಲ್ಲಿ ಜಾರುವುದೇ ಇಲ್ಲ. ಕಡಿದಾದ ಕಡೆ ಒಂಚೂರು ಜಾರಬಹುದು, ಅಲ್ಲಿ ಹಿಲ್ ಹೋಲ್ಡ್ ನೆರವಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಗೇರ್ ಬದಲಿಸದ ಸಿವಿಟಿ ಆಟೊಮ್ಯಾಟಿಕ್‌ಗಳಲ್ಲೂ ಬಹಳಷ್ಟಕ್ಕೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಡಿಸಿಟಿ ಅನ್ನುವ ಆಟೊಮ್ಯಾಟಿಕ್‌ನಲ್ಲಿ ಎರಡು ಕ್ಲಚ್ ಇವೆ. ಓಡಿಸಲು ತುಂಬ ಚೆನ್ನ, ಆದರೆ ಏರಿನಲ್ಲಿ ಎಕ್ಸಲೇಟರ್ ಮೇಲೆ ನಿಲ್ಲಿಸಿದರೆ ಕ್ಲಚ್ ಕಾದು ಡ್ಯಾಶ್‌ಬೋರ್ಡ್ ಮೇಲೆ ಎಚ್ಚರಿಕೆ ಬರುತ್ತದೆ.

ಎಲೆಕ್ಟ್ರಿಕ್ ಕಾರಿನ ಮೋಟರ್ ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ, ಸುಡಲು ಕ್ಲಚ್ ಇಲ್ಲ. ಆದರೂ ಬ್ರೇಕ್ ಬಿಟ್ಟರೆ ಅದೂ ಜಾರಬಹುದು. ಹಿಲ್ ಹೋಲ್ಡ್ ಇದೆಯಾ ಅಂತ ಅಲ್ಲಿಯೂ ಕೇಳಿ. ಚೋರ್ಲಾ ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ವಾಪಸ್ ಬರುವುದು ಅದರ ಇನ್ನೊಂದು ಸುಖ.

ಆಟೋ ಹೋಲ್ಡ್ ಬೇರೆಯೇ

ಹಿಲ್ ಹೋಲ್ಡನ್ನು ಆಟೋ ಹೋಲ್ಡ್ ಜೊತೆ ಬೆರೆಸುವವರು ಬಹಳ. ಆಟೋ ಹೋಲ್ಡ್ ಇರುವುದು ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರುಗಳಲ್ಲಿ. ಬಟನ್ ಒತ್ತಿ ಆನ್ ಮಾಡಿರಬೇಕು. ಕಾರು ಪೂರ್ತಿ ನಿಂತ ಮೇಲೆ ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ, ಸಮತಟ್ಟಾದ ರಸ್ತೆಯಲ್ಲೂ. ಎರಡು ಸೆಕೆಂಡಿನ ಮಿತಿ ಇಲ್ಲ. ಕೆಲವು ನಿಮಿಷ ಕಳೆದರೆ ಪಾರ್ಕಿಂಗ್ ಬ್ರೇಕೇ ಬಿದ್ದುಬಿಡುತ್ತದೆ. ಎಕ್ಸಲೇಟರ್ ಮುಟ್ಟಿದಾಗ ಬಿಡುತ್ತದೆ. ಸಾಮಾನ್ಯವಾಗಿ ಸೀಟ್ ಬೆಲ್ಟ್ ಹಾಕಿರಬೇಕು, ಬಾಗಿಲು ಮುಚ್ಚಿರಬೇಕು.

ಭಾರತ ಹುಣ್ಣಿಮೆಯ ಹೊತ್ತಿಗೆ ಯಲ್ಲಮ್ಮನ ಗುಡ್ಡ ಹತ್ತಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮುಂದೆ ಟ್ರ್ಯಾಕ್ಟರ್, ಪಕ್ಕದಲ್ಲಿ ಚಕ್ಕಡಿ, ನಡುವೆ ತಲೆಯ ಮೇಲೆ ಗಂಟು ಹೊತ್ತ ಜನ. ಗಾಡಿ ಎರಡು ಮಾರು ಮುಂದೆ ಹೋಗಿ ಐದು ನಿಮಿಷ ನಿಲ್ಲುತ್ತದೆ. ಅಂಥ ಕಡೆ ಹಿಲ್ ಹೋಲ್ಡ್ ಒಂದೇ ಇದ್ದರೆ ನಿಂತಷ್ಟು ಹೊತ್ತೂ ಕಾಲು ಬ್ರೇಕಿನ ಮೇಲೇ ಇರಬೇಕು, ಅಥವಾ ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಆಟೋ ಹೋಲ್ಡ್ ಇದ್ದರೆ ಕಾಲಿಗೆ ವಿರಾಮ. ಮೊಣಕಾಲು ನೋವಿರುವವರು, ವಯಸ್ಸಾದವರು ದಿನಾ ಊರೊಳಗೆ ಓಡಿಸುವುದಾದರೆ ಇದಕ್ಕೆ ಹಣ ಹಾಕುವುದು ಸರಿ ಅಂತ ನನಗೆ ಅನ್ನಿಸುತ್ತದೆ. ಘಾಟಿನಲ್ಲಿ ಓಡಾಡುವುದಷ್ಟೇ ಆದರೆ ಅಗತ್ಯ ಇಲ್ಲ. ಘಾಟಿನಲ್ಲಿ ನಿಲ್ಲುವುದು ಕಡಿಮೆ, ಓಡುವುದು ಜಾಸ್ತಿ.

ಜೊತೆಗೆ ಬರುವ ದೊಡ್ಡ ವಸ್ತು

ಶೋರೂಮಿನಲ್ಲಿ ಹಿಲ್ ಹೋಲ್ಡ್ ಬಗ್ಗೆ ಕೇಳಿದರೆ ಅದೊಂದೇ ಹೇಳಿ ಮುಗಿಸುತ್ತಾರೆ. ನಾನು ಇಷ್ಟು ತಿರುಗಿದ್ದರಲ್ಲಿ ಕಲಿತ ದೊಡ್ಡ ವಿಷಯ ಬೇರೆ. ಈಗಿನ ಕಾರುಗಳಲ್ಲಿ ಹಿಲ್ ಹೋಲ್ಡ್ ಸಾಮಾನ್ಯವಾಗಿ ಬರುವುದು ಇಎಸ್‌ಪಿ ಜೊತೆಗೆ. ಒತ್ತಡ ಹಿಡಿದಿಡುವ ಕವಾಟ, ಕಾರಿನ ಚಲನೆ ಅಳೆಯುವ ಸೆನ್ಸರ್‌ಗಳು ಇಎಸ್‌ಪಿಗೆ ಬೇಕೇ ಬೇಕು. ಅವು ಇದ್ದ ಮೇಲೆ ಹಿಲ್ ಹೋಲ್ಡ್ ಕೊಡುವುದಕ್ಕೆ ಕಂಪನಿಗೆ ದೊಡ್ಡ ಕೆಲಸವಿಲ್ಲ. ಹಿಲ್ ಹೋಲ್ಡ್ ಇರುವ ವೇರಿಯಂಟ್ ತಗೊಂಡರೆ ನಿಮಗೆ ಸಿಗುವ ನಿಜವಾದ ಲಾಭ ಇಎಸ್‌ಪಿ.

ಇಎಸ್‌ಪಿ ಮೊದಲು ಬಂದದ್ದು 1995ರಲ್ಲಿ, ಮರ್ಸಿಡಿಸ್‌ನ ದೊಡ್ಡ ಕಾರಿನಲ್ಲಿ, ಬಾಷ್ ಕಂಪನಿಯ ಜೊತೆ ಸೇರಿ ಮಾಡಿದ್ದು. ತಿರುವಿನಲ್ಲಿ ಕಾರು ಅಡ್ಡ ಜಾರತೊಡಗಿದರೆ ಬೇಕಾದ ಒಂದು ಗಾಲಿಗೆ ಮಾತ್ರ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಜುಲೈನಲ್ಲಿ ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಮೇಲೆ ಚೋರ್ಲಾ ಕಡೆ ಹೋಗಿದ್ದೀರಾ? ಮಂಜು, ಬಿಡದ ಮಳೆ, ತಿರುವಿನಲ್ಲಿ ಹರಿದು ಬಂದ ಕೆಮ್ಮಣ್ಣು. ಅಲ್ಲಿ ಜೀವ ಕಾಯುವುದು ಇಎಸ್‌ಪಿ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಯಿತು. 2023ರಲ್ಲಿ ಶುರುವಾದ, ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಅಥವಾ ಮೇಲೆ ಬೇಕಿದ್ದರೆ ಇಎಸ್‌ಪಿ ಇರಲೇಬೇಕು. ಹಾಗಾಗಿ ಮೊದಲು ಮೇಲಿನ ವೇರಿಯಂಟ್‌ಗೆ ಮಾತ್ರ ಇದ್ದದ್ದು ಈಗ ಕೆಳಗೂ ಇಳಿಯುತ್ತಿದೆ. 2024ರ ಸ್ವಿಫ್ಟ್‌ನಲ್ಲಿ ಕೆಳಗಿನ ವೇರಿಯಂಟ್‌ನಿಂದಲೇ ಇಎಸ್‌ಪಿ, ಹಿಲ್ ಹೋಲ್ಡ್ ಎರಡೂ ಬಂದವು. ಅಲಾಯ್ ಗಾಲಿ, ಸನ್‌ರೂಫ್ ಬಿಟ್ಟು ಆ ಹಣವನ್ನು ಇಲ್ಲಿ ಹಾಕಿ ಅಂತ ನಾನು ಕೈ ಮುಗಿದು ಹೇಳುತ್ತೇನೆ.

ಇದರ ಇನ್ನೊಂದು ಮುಖವೂ ಇದೆ. ಡ್ಯಾಶ್‌ಬೋರ್ಡ್ ಮೇಲೆ ಎಬಿಎಸ್ ಅಥವಾ ಇಎಸ್‌ಪಿಯ ಎಚ್ಚರಿಕೆ ದೀಪ ಹತ್ತಿಯೇ ಇದ್ದರೆ ಹಿಲ್ ಹೋಲ್ಡ್ ಕೂಡ ಕೆಲಸ ಮಾಡುವುದಿಲ್ಲ ಅಂತಲೇ ತಿಳಿಯಿರಿ. ಟೈರ್ ಬೋಳಾಗಿದ್ದರೆ, ಕೆಸರಿನ ಮೇಲೆ ನಿಂತಿದ್ದರೆ ಬ್ರೇಕ್ ಹಿಡಿದರೂ ಗಾಲಿ ಸಮೇತ ಕಾರು ಜಾರುತ್ತದೆ.

ಯಾರಿಗೆ ಯಾವುದು

ವಿಜಯಪುರ ಕಡೆಯ ಬಯಲಿನಲ್ಲಿ ಓಡಾಡುವವರು, ವರ್ಷಕ್ಕೊಮ್ಮೆ ಗುಡ್ಡ ಹತ್ತುವವರು, ಮ್ಯಾನ್ಯುವಲ್ ಕೈಗೆ ಕೂತಿರುವವರು: ಬರೀ ಹಿಲ್ ಹೋಲ್ಡಿಗಾಗಿ ಕಾರು ಬದಲಿಸಬೇಡಿ. ಹ್ಯಾಂಡ್‌ಬ್ರೇಕ್ ಚೆನ್ನಾಗಿ ಕಲಿತರೆ ಸಾಕು.

ಬೆಳಗಾವಿ, ಖಾನಾಪುರ, ಗೋಕಾಕ ಕಡೆ ಇದ್ದು ಹೊಸ ಮ್ಯಾನ್ಯುವಲ್ ತಗೊಳ್ಳುವವರು, ಮನೆಯಲ್ಲಿ ಹೊಸದಾಗಿ ಕಲಿಯುವವರು ಇದ್ದರೆ ಹಿಲ್ ಹೋಲ್ಡ್ ಇರುವುದನ್ನೇ ನೋಡಿ. ಸಿಎನ್‌ಜಿ ಕಾರಿನವರಿಗೆ ಇದು ಇನ್ನೂ ಬೇಕು. ಸಿಎನ್‌ಜಿಯಲ್ಲಿ ಎಂಜಿನ್ ಎಳೆತ ಕಡಿಮೆ, ಸಿಲಿಂಡರ್ ತೂಕ ಹಿಂದೆ ಜಾಸ್ತಿ. ಕಬ್ಬಿನ ಹಂಗಾಮಿನಲ್ಲಿ ಓಡಾಡುವವರಿಗೆ ಮಾತ್ರ ಒಂದು ಮಾತು ಹೆಚ್ಚು ಹೇಳಬೇಕು. ವಂಟಮುರಿ ಏರಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಮುಂದಿದ್ದರೆ ನಿಮ್ಮ ಕಾರಿನಲ್ಲಿ ಏನೇ ಇರಲಿ, ದೂರ ಬಿಟ್ಟು ನಿಲ್ಲಿ. ನಿಮ್ಮ ಕಾರು ಹಿಂದೆ ಬರದಿರಬಹುದು, ಆ ಟ್ರ್ಯಾಕ್ಟರ್ ಬರಬಹುದು. ಅದರ ಮುಂದಿನ ಗಾಲಿ ಏಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಎಂಟಿ ವಿಷಯ ಮೇಲೆ ಹೇಳಿಯಾಯಿತು.

ಹಣ ಕೊಡುವ ಮೊದಲು ಓಡಿಸಿ ನೋಡಿ

ಟೆಸ್ಟ್ ಡ್ರೈವ್ ಅಂತ ಶೋರೂಮಿನವರು ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಅದರಿಂದ ಏನೂ ತಿಳಿಯದು. ಏರು ಇರುವ ಕಡೆ ಬೇಕು ಅಂತ ಹಟ ಹಿಡಿಯಿರಿ. ನಾವು ಯಳ್ಳೂರಿನ ರಾಜಹಂಸಗಡದ ದಾರಿಗೆ ಕರೆದುಕೊಂಡು ಹೋದೆವು. ಬೆಳಿಗ್ಗೆ ಬೇಗ ಹೋದರೆ ಹಿಂದೆ ಗಾಡಿ ಇರುವುದಿಲ್ಲ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಏರಿನಲ್ಲಿ ನಿಲ್ಲಿಸಿ. ಬ್ರೇಕ್ ಗಟ್ಟಿ ಒತ್ತಿ, ಕಾಲು ತೆಗೆದು ಬಾಯಲ್ಲಿ ಎಣಿಸಿ. ಎಷ್ಟು ಹೊತ್ತು ಹಿಡಿಯಿತು ಅಂತ ಗೊತ್ತಾಗುತ್ತದೆ. ಆಮೇಲೆ ಮೆಲ್ಲಗೆ ಒತ್ತಿ ಹಾಗೇ ಮಾಡಿ, ವ್ಯತ್ಯಾಸ ನೋಡಿ. ಎರಡೂ ಸಲ ಕಾಲು ಬ್ರೇಕಿನ ಹತ್ತಿರವೇ ಇರಲಿ. ಕಾರಿನಲ್ಲಿ ನಾಲ್ಕು ಜನ ಕೂತು ಇನ್ನೊಮ್ಮೆ ನೋಡಿ. ರಿವರ್ಸ್‌ನಲ್ಲೂ ನೋಡಿ. ಮ್ಯಾನ್ಯುವಲ್ ಆದರೆ ಬೇಕಂತಲೇ ಒಮ್ಮೆ ಎಂಜಿನ್ ಬಂದ್ ಬೀಳಿಸಿ. ಬಂದ್ ಬಿದ್ದ ಕೂಡಲೇ ಕಾಲು ಬ್ರೇಕಿಗೆ ಹೋಗಬೇಕು. ಹಿಲ್ ಹೋಲ್ಡ್ ಕಾಯುತ್ತದೆ ಅಂತ ಕೀ ತಿರುಗಿಸುತ್ತ ಕೂತರೆ ಎರಡು ಸೆಕೆಂಡ್ ಮುಗಿದಿರುತ್ತದೆ.

ನಿಲ್ಲಿಸಿ ಇಳಿಯುವಾಗ ಹಿಲ್ ಹೋಲ್ಡ್ ಲೆಕ್ಕಕ್ಕೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಮ್ಯಾನ್ಯುವಲ್ ಆದರೆ ಏರಿಗೆ ಫಸ್ಟ್ ಗೇರ್, ಇಳಿಜಾರಿಗೆ ರಿವರ್ಸ್ ಹಾಕಿ. ಬಹಳಷ್ಟು ಎಎಂಟಿಗಳಲ್ಲಿ ಪಾರ್ಕ್ ಅಂತ ಗೇರ್ ಇರುವುದಿಲ್ಲ. ಅಲ್ಲೂ ನ್ಯೂಟ್ರಲ್‌ನಲ್ಲಿ ಬಿಡದೆ ಗೇರಿನಲ್ಲೇ ಇಟ್ಟು ಎಂಜಿನ್ ಆರಿಸಿ. ಗುಡ್ಡದ ಮೇಲೆ ಗಾಲಿಗೆ ಒಂದು ಕಲ್ಲೂ ಇಡಿ.

ತಂಗಿ ಕೊನೆಗೆ ತಗೊಂಡದ್ದು ಹಿಲ್ ಹೋಲ್ಡ್ ಇರುವ ಎಎಂಟಿ. ಆಟೋ ಹೋಲ್ಡ್ ಇರುವ ಕಾರು ಅವಳ ಬಜೆಟ್ಟಿಗೆ ಎಟುಕಲಿಲ್ಲ. ಕಾರು ಮನೆಗೆ ಬಂದ ಮರುದಿನ ಸಂಜೆ, ಅದೇ ಆರರ ಹೊತ್ತಿಗೆ, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಪಿಲೇಶ್ವರ ಸೇತುವೆ ಹತ್ತಿದಳು. ನಡುವೆ ಗಾಡಿಗಳು ನಿಂತವು. ಬ್ರೇಕ್ ಗಟ್ಟಿ ಒತ್ತಿದಳು. ಮುಂದಿನ ಗಾಡಿ ಹೊರಟಾಗ ಕಾಲು ತೆಗೆದಳು, ಒಂದು ಕ್ಷಣ ಕನ್ನಡಿಯಲ್ಲಿ ಹಿಂದೆ ನೋಡಿದಳು. ಹಿಂದೆ ಒಂದು ಆಟೊ ಇತ್ತು. ಕಾರು ನಿಂತಲ್ಲೇ ನಿಂತಿತ್ತು. ಆಮೇಲೆ ಎಕ್ಸಲೇಟರ್ ಒತ್ತಿದಳು.